ಅವ್ವನ ಕಡೆಯ ಮರೆವು

ಇವತ್ತು ಬೆಳಿಗ್ಗೆ ಹಿಂದಿನ ಮನೆಯವರು ಹಂಡೆ ಒಲೆಗೆ ತೆಂಗಿನ ಮಟ್ಟೆ ತುಂಬಿದ್ದರು. ತಿಪಟೂರಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲರ ಮಹಡಿಯ ಮೇಲೂ ಸೋಲಾರು ಬಂದು ಕೂತಿದೆ. ಆದರೂ ಹಿಂದಿನ ಮನೆಯ ಯಜಮಾನರಿಗೆ ಮಟ್ಟೆ ಉರಿಯಲ್ಲಿ ಕಾದ ನೀರು ಬೀಳದಿದ್ದರೆ ಮೈ ಹಗುರಾಗುವುದಿಲ್ಲವಂತೆ. ಆ ಹೊಗೆ ನೇರ ನಮ್ಮ ಅಡುಗೆಮನೆಗೇ ಬರುತ್ತದೆ. ನಮ್ಮವರು ಗೊಣಗುತ್ತಾ ಬಂದು ಕಿಟಕಿ ಮುಚ್ಚುತ್ತಾರೆ, ಅವರು ಪೇಪರಿಗೆ ಕೂತ ಮೇಲೆ ನಾನು ಮೆಲ್ಲಗೆ ತೆಗೆಯುತ್ತೇನೆ. ಕಣ್ಣು ಉರಿದರೂ ಸರಿ, ಆ ಹೊಗೆಯಲ್ಲಿ ನನ್ನ ತವರಿದೆ. ಇವತ್ತೂ ಹಾಗೇ ಕಿಟಕಿಯ ಹತ್ತಿರ ನಿಂತವಳು ಕೈಯಲ್ಲಿದ್ದ ಕಾಫಿ ಆರುವ ತನಕ ನಿಂತೇ ಇದ್ದೆ.

ನಮ್ಮೂರು ಮಾಯಸಂದ್ರದ ಹತ್ತಿರ. ಅಲ್ಲಿನ ನಮ್ಮ ಮನೆಯ ಅಟ್ಟದ ತುಂಬ ತೆಂಗಿನಕಾಯಿ, ಅದರ ಕೆಳಗೆ ಅಡುಗೆ ಒಲೆ. ಒಲೆಯ ಹೊಗೆ ಕುಡಿಯುತ್ತಾ ಕಾಯಿಗಳು ವರ್ಷವಿಡೀ ಅಲ್ಲೇ ಕೂತು ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತಿದ್ದವು. ಒಲೆಯ ಮುಂದೆ ಕೂತಿರುತ್ತಿದ್ದವಳು ನಮ್ಮವ್ವ ಶಿವಗಂಗಮ್ಮ. ಅವ್ವ ಓದಿದವಳಲ್ಲ. ಆದರೆ ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿಯವರೆಗೆ ನಮ್ಮ ಪೈಕಿಯ ಯಾವ ಮನೆಗೆ ಯಾವ ಊರಿನ ಹೆಣ್ಣು ಬಂದಿದೆ, ಆಕೆಯ ಅಜ್ಜಿಯ ತವರು ಯಾವುದು, ಯಾರಿಗೆ ಯಾರು ವರಸೆಯಲ್ಲಿ ಏನಾಗಬೇಕು, ಎಲ್ಲ ಅವಳ ತಲೆಯಲ್ಲಿತ್ತು. ಮಗನಿಗೆ ಹೆಣ್ಣು ನೋಡುವವರು, ಮಗಳಿಗೆ ಗಂಡು ಹುಡುಕುವವರು ಜೋಯಿಸರ ಹತ್ತಿರ ಹೋಗುವ ಮೊದಲು ನಮ್ಮ ಮನೆಗೆ ಬರುತ್ತಿದ್ದರು.

“ಹಾಲ್ಕುರಿಕೇಲಿ ಒಂದು ಗಂಡು ನೋಡಿದೀವಿ ಕಣವ್ವ. ಮನೆತನ ಹೆಂಗೆ?” ಅಂತ ಯಾರೋ ಬಂದು ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

“ಯಾರು, ಮಠದ ಹಿಂದ್ಲ ತೋಟದೋರಾ? ಆ ಹುಡುಗನ ಅಜ್ಜಿ ನಮ್ಮ ಸೋದರತ್ತೆ ನಾದಿನಿ. ಒಳ್ಳೆ ಜನ. ಹುಡುಗನ ಚಿಕ್ಕಪ್ಪಂಗೆ ಮೂರ್ಛೆ ಬತ್ತಿತ್ತು. ಹುಡುಗನಿಗೇನಿಲ್ಲ. ಹೇಳೋದು ಹೇಳಿದೀನಿ, ಇನ್ನು ನಿಮ್ಮಿಷ್ಟ.”

ಅವರು ಹೋದ ಮೇಲೆ ಅಪ್ಪ ರೇಗಿದ್ದರು. “ಇಲ್ಲದ್ದೆಲ್ಲ ಯಾಕೆ ಹೇಳಕ್ಕೆ ಹೋಗ್ತೀಯೇ? ಆ ಹುಡುಗನ ಮದುವೆ ನಿಂತೋದ್ರೆ?”

“ತಿಳ್ಕಂಡು ಕೊಟ್ರೆ ಹೆಣ್ಣು ಗಟ್ಟಿಯಾಗಿ ಬಾಳ್ವೆ ಮಾಡ್ತಾಳೆ. ತಿಳೀದೆ ಕೊಟ್ರೆ ಎದೆ ಒಡ್ಕತಾಳೆ” ಅಂದಳು ಅವ್ವ, ಮುದ್ದೆ ತಿರುವುತ್ತಾ. ಆ ಮದುವೆ ನಿಲ್ಲಲಿಲ್ಲ. ಅವ್ವ ಹೇಳಿದ್ದರಿಂದ ನಿಂತ ಮದುವೆಗಳೂ ಇದ್ದಿರಬಹುದು, ಅವರು ಬಂದು ನಮಗೆ ಹೇಳಲಿಲ್ಲ ಅಷ್ಟೆ.

ಅವ್ವನ ತವರು ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಬುಡದಲ್ಲಿ. ರಾಗಿ ಹೊಲ, ಕುರಿ ಹಟ್ಟಿ, ಬಾವಿಯ ಸುತ್ತ ಒಂದಿಷ್ಟು ತೆಂಗು. ಬೇಸಿಗೆ ರಜಕ್ಕೆ ಹೋದರೆ ಅಜ್ಜಿ ನನ್ನನ್ನು ಅವ್ವನ ಹೆಸರಿಂದ ಕರೆಯುತ್ತಿದ್ದಳು. ನನಗದು ಖುಷಿ. ಅವ್ವನಷ್ಟು ದೊಡ್ಡವಳಾದೆ ಅಂತ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಒಂದು ಸಲ ಅಜ್ಜಿ ಎಂದೋ ಮಾರಿದ್ದ ಕುರಿಮರಿಗಳನ್ನು ಹುಡುಕುತ್ತಾ ಗುಡ್ಡ ಹತ್ತಿಬಿಟ್ಟಳು. ಮಾವಂದಿರು ಅವಳನ್ನು ಕೈಹಿಡಿದು ಇಳಿಸಿಕೊಂಡು ಬಂದಾಗ ಅವಳ ಸೆರಗಿನ ತುಂಬ ಮರಿಗಳಿಗೆಂದು ಕಿತ್ತ ಹಸಿರು ಸೊಪ್ಪು. ಊರವರು “ವಯಸ್ಸಾಯ್ತು ಬುಡು, ಮಂಕು ಕವೀತು” ಅಂದರು. ಅವ್ವ ಆ ಸೊಪ್ಪನ್ನು ಒಯ್ದು ಹಟ್ಟಿಯಲ್ಲಿದ್ದ ಬೇರೆ ಕುರಿಗಳಿಗೆ ಹಾಕಿ ಬಂದು, “ತಿಂದ್ವು ಕಣವ್ವ, ಎಲ್ಲಾ ತಿಂದ್ವು” ಅಂದಳು. ಅಜ್ಜಿಯ ಮುಖ ಆಗ ಅರಳಿದ್ದನ್ನು ನಾನು ನೋಡಿದ್ದೇನೆ.

ಆಮೇಲೆ ಅವ್ವನ ಅಕ್ಕ, ನಮ್ಮ ದೊಡ್ಡವ್ವನಿಗೂ ಹಾಗೇ ಆಯಿತು. ಸಾರಿಗೆ ಉಪ್ಪು ಹಾಕಿ ಮರೆತು ಮತ್ತೆ ಹಾಕುವುದರಿಂದ ಶುರುವಾಗಿ, ಕೊನೆಗೆ ಕಟ್ಟಿಕೊಂಡ ಗಂಡನನ್ನೇ ಯಾರೋ ಹೊರಗಿನವರೆಂದು ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕೂರುವ ತನಕ ಹೋಯಿತು. ಊರಿನ ಸಂಬಂಧಗಳನ್ನೆಲ್ಲ ಪೋಣಿಸಿ ಇಟ್ಟಿದ್ದ ಅವ್ವನಿಗೆ ಈ ಎಳೆ ಕಾಣದೆ ಹೋದೀತೆ? ಯಾವ ಡಾಕ್ಟರೂ ಹೇಳುವ ಮೊದಲೇ ಅವಳಿಗೆ ಅದು ತಿಳಿದಿತ್ತು ಅಂತ ನನಗೆ ಗೊತ್ತಾದದ್ದು ನನ್ನನ್ನು ನೋಡಲು ಗಂಡಿನವರು ಬಂದ ದಿನ.

ತಿಪಟೂರಿನಿಂದ ಬಂದಿದ್ದರು. ಕೊಬ್ಬರಿ ವ್ಯಾಪಾರದ ಮನೆ. ಉಪ್ಪಿಟ್ಟು ಕೇಸರಿಬಾತು ಮುಗಿದು, ಎಲ್ಲ ಒಪ್ಪಿಗೆಯಾಗಿ, ಎಲೆಅಡಿಕೆ ತಟ್ಟೆ ನಡುವೆ ಬರುವ ಹೊತ್ತಿಗೆ ಅವ್ವ ಬಾಯಿ ತೆಗೆದಳು. “ಒಂದು ಮಾತು ಹೇಳ್ಬುಡ್ತೀನಿ ಬೀಗತಿ. ನಮ್ಮವ್ವಂಗೆ ಮರೆವು ಬಂದು ಹೋದ್ಲು. ಈಗ ನಮ್ಮಕ್ಕಂಗೂ ಬಂದೈತೆ. ನಾಳೆ ನಂಗೂ ಬಂದ್ರೆ ಬಂತು. ನನ್ನ ಮಗಳ ಕತೆ ನಂಗೊತ್ತಿಲ್ಲ. ನೋಡ್ಕಂಡು ಮಾಡ್ಕಳಿ.”

ನಮ್ಮ ಸೋದರಮಾವ ಅವ್ವನನ್ನು ನುಂಗುವ ಹಾಗೆ ನೋಡಿದ. ನಾನು ಬಾಗಿಲ ಹಿಂದೆ ನಿಂತು, ಮುಗೀತು ನನ್ನ ಮದುವೆ ಅಂದುಕೊಂಡೆ. ಸುಳ್ಳೇಕೆ, ಹುಡುಗ ನನಗೆ ಹಿಡಿಸಿದ್ದ. ಆಗ ನನ್ನ ಅತ್ತೆಯಾಗಲಿದ್ದವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, “ಅಲ್ಲ ಕಣ್ರೀ, ಮುದುಕಿಯಾದ್ಮೇಲೆ ಬರೋ ಕಾಯಿಲೆಗೆ ಇವತ್ತೇ ಹೆಣ್ಣು ಬ್ಯಾಡ ಅನ್ನಕ್ಕಾಯ್ತದಾ? ನಮ್ಮನೇಲಿ ಗಂಡಸ್ರಿಗೆಲ್ಲ ಸಕ್ಕರೆ ಕಾಯಿಲೆ. ನಿಮ್ಮ ಮಗಳು ಮರೀಲಿ, ನನ್ನ ಮಗ ಕೇಸರಿಬಾತು ಬುಡ್ಲಿ” ಅಂದರು. ನಕ್ಕವರಲ್ಲಿ ಮೊದಲಿಗ ನಮ್ಮ ಮಾವನೇ. ನಮ್ಮವರು ಕೇಸರಿಬಾತು ಬಿಡುವ ಕಾಲವೂ ಬಂತು, ಅದು ಬೇರೆ ಮಾತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಪ್ರತಿ ವರ್ಷ ಅನುವಂಶೀಯತೆಯ ಪಾಠ ಬರುತ್ತಿತ್ತು. ಬಟಾಣಿ ಗಿಡ, ಎತ್ತರದ್ದು, ಕುಳ್ಳದ್ದು, ಬೋರ್ಡಿನ ಮೇಲೆ ನಾಲ್ಕು ಮನೆ ಎಳೆದು ಅಕ್ಷರ ತುಂಬಿಸುವುದು. ನಮ್ಮ ಸೀಮೆಯ ಮಕ್ಕಳಿಗೆ ಬಟಾಣಿ ಅಂದರೆ ಸಾಗುವಿನಲ್ಲಿ ಕಂಡದ್ದಷ್ಟೆ, ಹಾಗಾಗಿ ನಾನು ತೆಂಗಿಗೆ ಬರುತ್ತಿದ್ದೆ. ಒಳ್ಳೆ ತಾಯಿ ಮರ ನೋಡಿ ಬಿತ್ತನೆಗೆ ಕಾಯಿ ಆರಿಸುತ್ತಾರಲ್ಲ, ಅದೂ ಇದೇ ಅಂತ. ಒಬ್ಬ ಹುಡುಗಿ ಎದ್ದು ನಿಂತು, “ತಾಯಿ ಮರ ಅಂತೀವಿ ಮಿಸ್, ತಂದೆ ಮರ ಯಾವ್ದು ಅಂತ ಯಾಕೆ ಯಾರೂ ಕೇಳಲ್ಲ?” ಅಂದಳು. ಗಾಳಿ, ದುಂಬಿ, ಪರಾಗ ಅಂತೆಲ್ಲ ಹೇಳಿ ಕೂರಿಸಿದೆ. ಹೀಗೆ ಊರ ಮಕ್ಕಳಿಗೆಲ್ಲ ಪಾಠ ಹೇಳಿದ ನಾನು ಒಂದು ದಿನವೂ ಆ ನಾಲ್ಕು ಮನೆಯೊಳಗೆ ನಮ್ಮವ್ವನನ್ನು ಕೂರಿಸಿ ನೋಡಿರಲಿಲ್ಲ. ಪಾಠ ಪರೀಕ್ಷೆಗೆ, ಅವ್ವ ಮನೆಗೆ.

ಅವ್ವನಿಗೆ ಶುರುವಾದದ್ದು ನನ್ನ ಕಣ್ಣೆದುರಿಗೇ. ಅಪ್ಪ ಹೋಗಿ ಕೆಲವು ವರ್ಷವಾಗಿತ್ತು, ತಮ್ಮನ ಸಂಸಾರದ ಜೊತೆ ಅವ್ವ ಊರಲ್ಲೇ ಇದ್ದಳು. ನಾನು ಹೋಗಿದ್ದಾಗ ಎಂದಿನಂತೆ ಯಾರೋ ಮನೆತನ ಕೇಳಲು ಬಂದರು. ಅವ್ವ ಹೇಳುತ್ತಾ ಹೋದಳು. ಬಂದಾತ ಮುಜುಗರದಿಂದ, “ಅಲ್ಲ ಕಣವ್ವ, ನೀನು ಹೇಳ್ತಿರೋದು ನಮ್ಮನೆ ವಿಚಾರ. ನಾನು ಕೇಳಿದ್ದು ಅವರದ್ದು” ಅಂದ. ಅವ್ವ ಎದ್ದು ಒಳಗೆ ಬಂದು, ನೀರು ಕುಡಿದು, ನನ್ನ ಹೆಗಲ ಮೇಲೆ ಕೈಯಿಟ್ಟು, “ಸುರುವಾಯ್ತು ಕಣೇ” ಅಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಬರುವ ನೆಂಟರು ಬಂದೇಬಿಟ್ಟರು ಅನ್ನುವ ದನಿಯಿತ್ತು. ಆಮೇಲೆ ಯಾರು ಮನೆತನ ಕೇಳಲು ಬಂದರೂ, “ನಂಗೀಗ ನೆಪ್ಪು ಸರಿಯಿಲ್ಲ ಕಣಪ್ಪ, ತಪ್ಪು ಹೇಳ್ಬುಟ್ರೆ ಪಾಪ” ಅಂತ ಕಳಿಸಿಬಿಡುತ್ತಿದ್ದಳು.

ತುಮಕೂರಿನ ಡಾಕ್ಟರು ಒಳ್ಳೆಯವರು, ನಿಧಾನಸ್ಥರು. ಅವ್ವನಿಗೆ ಚಿತ್ರ ತೋರಿಸಿ, ಗಡಿಯಾರ ಬರೆಸಿ, ಏನೇನೋ ನೋಡಿ ಅಲ್ಝೈಮರ್ ಅಂದರು. ಮದ್ದು ಬರೆದರು, ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ ಅಂತಲೂ ಹೇಳಿದರು. ಅವ್ವನನ್ನು ಹೊರಗಿನ ಬೆಂಚಿನಲ್ಲಿ ನಮ್ಮವರ ಪಕ್ಕ ಕೂರಿಸಿ ಬಂದು ನಾನು ಕೇಳಿದೆ, “ನನಗೂ ಬರುತ್ತಾ ಡಾಕ್ಟ್ರೇ?”

ಅವರು ವಿವರಿಸಿದರು. ಒಂದು ಜೀನ್ ಇದೆಯಂತೆ, ಅದರಲ್ಲಿ ಬೇರೆ ಬೇರೆ ಬಗೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಅದರಲ್ಲೊಂದು ಬಗೆ ಇದ್ದವರಿಗೆ ಈ ಕಾಯಿಲೆಯ ಸಾಧ್ಯತೆ ಹೆಚ್ಚು, ಎರಡೂ ಕಡೆಯಿಂದ ಅದೇ ಬಂದರೆ ಇನ್ನೂ ಹೆಚ್ಚು. “ಆದ್ರೆ ಒಂದು ತಿಳ್ಕೊಳಿ. ಅದು ಇದ್ದವರಿಗೆಲ್ಲ ಬರಲ್ಲ. ಇಲ್ಲದವರಿಗೆ ಬರಲ್ಲ ಅಂತಲೂ ಇಲ್ಲ. ನಡುವಯಸ್ಸಿಗೇ ಬರೋ ಒಂದು ಅಪರೂಪದ ಜಾತಿ ಇದೆ, ಅದು ಮನೆತನದಲ್ಲಿ ನೇರ ಇಳಿದು ಬರ್ತದೆ. ನಿಮ್ಮ ತಾಯೀದು ಹಾಗೆ ಕಾಣಲ್ಲ.”

“ನಾನು ಪರೀಕ್ಷೆ ಮಾಡಿಸಿಕೊಂಡರೆ?”

“ಮಾಡಿಸಬಹುದು. ಇದೆ ಅಂತ ಬಂದರೆ ಏನು ಮಾಡ್ತೀರಿ?”

ಯೋಚಿಸಿದೆ. ಅವರೇ ಹೇಳಿದರು: ನಡೀರಿ, ಬಿಪಿ ಸಕ್ಕರೆ ಹತೋಟಿಯಲ್ಲಿಟ್ಟುಕೊಳ್ಳಿ, ಕಿವಿ ಮಂದವಾದರೆ ತೋರಿಸಿ, ಚೆನ್ನಾಗಿ ನಿದ್ದೆ ಮಾಡಿ, ನಾಲ್ಕು ಜನರ ಜೊತೆ ಬೆರೆತಿರಿ. “ಇಲ್ಲ ಅಂತ ಬಂದರೂ ಇದನ್ನೇ ಮಾಡಬೇಕು” ಅಂತ ನಕ್ಕರು. ನಾನು ರಕ್ತ ಕೊಡದೆ ಹೊರಗೆ ಬಂದೆ. ಅವ್ವ ಬೆಂಚಿನ ಮೇಲೆ ಪಕ್ಕದಲ್ಲಿದ್ದ ಹೆಂಗಸೊಬ್ಬರನ್ನು ಮಾತಾಡಿಸುತ್ತಿದ್ದಳು. ಆಕೆ ಯಾವೂರು ಅಂದಿದ್ದರೋ, ಅವ್ವ ಅಲ್ಲಿಗೂ ಒಂದು ನೆಂಟಸ್ತಿಕೆ ಹುಡುಕುತ್ತಿದ್ದಳು. ಅದು ಸರಿಯೋ ತಪ್ಪೋ, ಆಕೆ ಮಾತ್ರ ಸಂತೋಷದಿಂದ ತಲೆಯಾಡಿಸುತ್ತಿದ್ದರು.

ಅಲ್ಲಿಂದಾಚೆ ಅವ್ವ ತಿಪಟೂರಿಗೆ ಬಂದು ನಮ್ಮ ಜೊತೆಗಿದ್ದಳು. ಮೊದಮೊದಲು ನಾನು ದೊಡ್ಡ ಮೇಷ್ಟ್ರಮ್ಮನಂತೆ ತಿದ್ದುತ್ತಿದ್ದೆ. “ಅವ್ವ ಎಲ್ಲಿ?” ಅಂತ ಅವಳು ತನ್ನ ತಾಯಿಯನ್ನು ಕೇಳಿದರೆ, ಅಜ್ಜಿ ಸತ್ತು ಎಷ್ಟು ಕಾಲವಾಯ್ತಲ್ಲವ್ವ ಅನ್ನುತ್ತಿದ್ದೆ. ಅವಳಿಗೆ ಅದು ಪ್ರತಿ ಸಲವೂ ಹೊಸ ಸಾವು. ಸೆರಗು ಬಾಯಿಗೆ ತುಂಬಿಕೊಂಡು ಅಳುತ್ತಿದ್ದಳು. ಕುರಿಗಳಿಗೆ ಸೊಪ್ಪು ಹಾಕಿ ಬಂದ ಅವ್ವ ಆಗ ನೆನಪಾದಳು. ಆಮೇಲೆ ತಿದ್ದುವುದು ಬಿಟ್ಟೆ. “ಅಜ್ಜಿ ಏನು ಅಡುಗೆ ಮಾಡೋಳು?” ಅಂತ ಕೇಳಿದರೆ ಸಾಕು, ಹುರುಳಿಕಾಳು ಬಸ್ಸಾರು ಅಂತ ಶುರುವಾಗಿ ಮಧ್ಯಾಹ್ನ ಕಳೆದುಹೋಗುತ್ತಿತ್ತು.

ಆ ಹೊತ್ತಿನಲ್ಲೇ ನಮ್ಮ ಮಗಳು ಪೂರ್ಣಿಗೆ ಗಂಡು ನೋಡುವ ಕಾಲ ಬಂತು. ಅವಳು ದನದ ಡಾಕ್ಟರು, ಚಿಕ್ಕನಾಯಕನಹಳ್ಳಿ ಕಡೆ ಕೆಲಸ. ತುರುವೇಕೆರೆಯಿಂದ ರುದ್ರಪ್ಪನವರು, ಅವರ ಹೆಂಡತಿ ಜಯಮ್ಮ, ಮಗ ಮಹೇಶ ಬಂದರು. ತೋಟಸ್ಥರು, ಮಗ ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಅವರು ಬರುವ ಮೊದಲು ನಮ್ಮವರು, “ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ನಿರು” ಅಂದಿದ್ದರು. ಅವ್ವನನ್ನು ಒಳಗಿನ ಕೋಣೆಯಲ್ಲಿ ಬೆಳ್ಳುಳ್ಳಿ ಬಿಡಿಸಲು ಕೂರಿಸಿದ್ದೆ.

ನಾನು ತಿಂಡಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಅವ್ವ ಹೊರಗೆ ಬಂದು ಜಯಮ್ಮನವರ ಪಕ್ಕದಲ್ಲಿ ಕೂತಾಗಿತ್ತು. ನನ್ನ ಕಡೆ ಬೆರಳು ಮಾಡಿ, “ಈ ಹೆಣ್ಣು ಯಾರ ಮಗಳವ್ವ? ಲಕ್ಷಣವಾಗವ್ಳೆ. ಮದುವೆ ಆಗೈತಾ?” ಅಂದಳು. ನರೆಗೂದಲಿನ ನನಗೆ ಅಂದು ಹೆಣ್ಣು ನೋಡುವ ಶಾಸ್ತ್ರ ಎರಡನೇ ಸಲ ಆಯಿತು. ಜಯಮ್ಮನವರು ನಗದೆ, “ಆಗೈತೆ ಕಣಜ್ಜಿ, ಚೆನ್ನಾಗಿ ಬಾಳ್ವೆ ಮಾಡ್ತಾವ್ಳೆ” ಅಂದರು. ಆ ಮಾತಿಗೇ ಆಕೆಯ ಮೇಲೆ ನನಗೆ ಮಮತೆ ಹುಟ್ಟಿತು.

ತಟ್ಟೆ ಇಟ್ಟು ಎಲ್ಲ ಹೇಳಿದೆ. ಅಜ್ಜಿ, ದೊಡ್ಡವ್ವ, ಅವ್ವ. ನನ್ನದು ಗೊತ್ತಿಲ್ಲ, ಮಗಳದ್ದೂ ಗೊತ್ತಿಲ್ಲ. ರುದ್ರಪ್ಪನವರು ಒರಟರಲ್ಲ. ಸ್ವಲ್ಪ ಹೊತ್ತು ಕನ್ನಡಕ ಒರೆಸಿ, “ಈಗ ರಕ್ತ ಕೊಟ್ರೆ ಜೀನು ನೋಡಿ ಹೇಳ್ತಾರಂತೆ ಕಣ್ರೀ. ಹುಡುಗೀದು ಒಂದು ಮಾಡ್ಸಿಬುಡಿ. ಜಾತಕ ನೋಡಲ್ವಾ, ಹಂಗೆ ಅನ್ಕಳಿ. ತಪ್ಪು ತಿಳೀಬ್ಯಾಡಿ” ಅಂದರು.

ಪೂರ್ಣಿಯೇ ಉತ್ತರ ಕೊಟ್ಟಳು. “ಮಾಡಿಸ್ತೀನಿ ಅಂಕಲ್. ಆದ್ರೆ ಅದು ಬರೀ ತಾಯಿ ಕಡೆಯಿಂದ ಬರೋದಲ್ಲ, ತಂದೆ ಕಡೆಯಿಂದಲೂ ಬರ್ತದೆ. ಮಹೇಶ್ ಅವರೂ ಮಾಡಿಸ್ಲಿ. ಎರಡನ್ನೂ ಒಟ್ಟಿಗೆ ನೋಡೋಣ.”

“ನಮ್ಮನೇಲಿ ಯಾರಿಗೂ ಮರೆವಿಲ್ಲ ಕಣಮ್ಮ.”

“ಹಾಗಾದ್ರೆ ಮಾಡಿಸೋಕೆ ಭಯ ಯಾಕೆ ಅಂಕಲ್?”

ಮಹೇಶ ತಲೆ ತಗ್ಗಿಸಿ ಕೂತಿದ್ದ. ಏನೋ ಹೇಳಲು ಹೊರಟವನು ಅಪ್ಪನ ಮುಖ ನೋಡಿ ತಿಂಡಿ ತಟ್ಟೆ ಎತ್ತಿಕೊಂಡ. ತಿಳಿಸ್ತೀವಿ ಅಂತ ಹೋದವರು ತಿಳಿಸಲಿಲ್ಲ. ಆ ಸಂಜೆ ಪೂರ್ಣಿ ನಗುತ್ತಾ, “ದಿನಾ ನಾನು ಟಗರಿನ ತಾಯಿ ತಂದೆ ಯಾರು ಅಂತ ಕೇಳ್ತೀನಿ ಅಮ್ಮ. ಇವತ್ತು ನನ್ನದೇ ಕೇಳಿದ್ರು” ಅಂದಳು. ಆಮೇಲೆ ಕೋಣೆಗೆ ಹೋಗಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ತುಂಬ ಹೊತ್ತು ಮಲಗಿದ್ದಳು. ಅವ್ವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಆದರೂ ಬೆಳ್ಳುಳ್ಳಿ ವಾಸನೆಯ ಕೈಯಲ್ಲಿ ತಲೆ ನೇವರಿಸುತ್ತಿದ್ದಳು.

ಅವ್ವ ಆ ವರ್ಷದ ಕೊನೆಗೆ ಹೋದಳು. ನಿದ್ದೆಯಲ್ಲಿ, ನೋವಿಲ್ಲದೆ. ಪೂರ್ಣಿ ತನ್ನ ಜೊತೆ ಓದಿದ್ದ ಹುಡುಗನನ್ನೇ ಮದುವೆಯಾದಳು. ಅವರ ಮನೆಯಲ್ಲೂ ನಾನು ಇದೇ ಕತೆ ತೆಗೆದಾಗ ಹುಡುಗನ ತಾಯಿ ಪೂರ್ತಿ ಕೇಳಿಸಿಕೊಂಡು, “ಆಯ್ತು ಬುಡಿ, ಅನ್ನ ಆರ್ತದೆ, ಏಳಿ” ಅಂದರು.

ತುರುವೇಕೆರೆಯವರನ್ನು ನಾನು ಮರೆತೇಬಿಟ್ಟಿದ್ದೆ. ಹೋದ ವರ್ಷ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದರು. ಕಾಲಲ್ಲಿ ಅವಸರಕ್ಕೆ ಮೆಟ್ಟಿಬಂದ ಜೋಡಿಯಲ್ಲದ ಚಪ್ಪಲಿ, ಒಂದು ಕಪ್ಪು, ಒಂದು ಕಂದು. ಜಯಮ್ಮ.

“ನಮ್ಮ ಯಜಮಾನ್ರು ಮೊನ್ನೆ ನಮ್ಮ ತೋಟದಾಗೇ ದಾರಿ ತಪ್ಪಿಬುಟ್ರು ಮೇಡಂ” ಅಂದರು ಒಳಗೆ ಬಂದು ಕೂರುವ ಮೊದಲೇ. “ಅವರೇ ನೆಟ್ಟ ಮರ. ಅದನ್ನ ತಬ್ಬಿಕಂಡು ನಿಂತು, ಇದು ಯಾರ ತೋಟ, ನಮ್ಮನೇಗೆ ದಾರಿ ಯಾವ್ದು ಅಂತ ಆಳುಗಳ್ನ ಕೇಳ್ತಾವ್ರೆ. ನೆಂಟರಿಗೆ ಹೇಳಂಗಿಲ್ಲ. ನೀವು ಅವತ್ತು ಮುಚ್ಚುಮರೆ ಇಲ್ದೆ ಹೇಳಿದ್ರಲ್ಲ, ಅದಕ್ಕೇ ನಿಮ್ಮ ಹತ್ರ ಬಂದೆ.”

ಒಂದು ಗಳಿಗೆ, ‘ನಮ್ಮನೇಲಿ ಯಾರಿಗೂ ಮರೆವಿಲ್ಲ’ ಅಂದ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆ ಚಪ್ಪಲಿಗಳನ್ನು ನೋಡಿ ಹಾಗೇ ಒಳಗೆ ಹೋಯಿತು. ರುದ್ರಪ್ಪನವರು ಅಂದು ಸುಳ್ಳು ಹೇಳಿರಲಿಲ್ಲ. ಅವರ ಅಪ್ಪ, ಅಜ್ಜ ಇಬ್ಬರೂ ಚಿಕ್ಕ ವಯಸ್ಸಿಗೇ ಹೋದವರಂತೆ. ಮರೆವು ಬರುವ ವಯಸ್ಸನ್ನೇ ಆ ಮನೆ ಕಂಡಿರಲಿಲ್ಲ. ಅವರ ಡಾಕ್ಟರು, ಇದು ಮನೆತನದಿಂದ ಬಂತೋ ಸುಮ್ಮನೆ ಬಂತೋ ಹೇಳಲಾಗದು ಅಂದರಂತೆ.

ಅಂದಿನಿಂದ ನಾನು ಆಗಾಗ ತುರುವೇಕೆರೆ ಬಸ್ಸು ಹತ್ತುತ್ತೇನೆ. ನನಗೆ ಗೊತ್ತಿರುವುದೇನೂ ದೊಡ್ಡದಲ್ಲ, ಅಷ್ಟನ್ನೇ ಜಯಮ್ಮನವರಿಗೆ ಹೇಳಿದೆ. ‘ನನ್ನ ಗುರುತು ಸಿಕ್ತಾ’ ಅಂತ ಅವರನ್ನು ಕೇಳಬೇಡಿ, ಒಳಗೆ ಬರುವಾಗಲೇ ನಿಮ್ಮ ಹೆಸರು ಹೇಳಿ. ತಿದ್ದಬೇಡಿ. ಕೈಗೆ ಕೆಲಸ ಕೊಡಿ. ನೀವೂ ಹೊತ್ತಿಗೆ ಸರಿಯಾಗಿ ಉಣ್ಣಿ. ಜಯಮ್ಮ ಕಲಿತರು, ನನಗಿಂತ ಬೇಗ.

ಇವತ್ತೂ ಹೋಗಿದ್ದೆ. ರುದ್ರಪ್ಪನವರು ಜಗುಲಿಯಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆಗೆ ಜೋಡಿಸುತ್ತಿದ್ದರು. ಹೆಸರು ಹೇಳಿದೆ. “ಬನ್ನಿ, ಕೂತ್ಕಳಿ. ನಮ್ಮನೇಲಿ ಊಟ ಮಾಡ್ಕಂಡೇ ಹೋಗ್ಬೇಕು” ಅಂದರು. ಊಟವಾದ ಮೇಲೆ ಮತ್ತೆ ಊಟಕ್ಕೆ ಕರೆದರು. ಇನ್ನೊಂದು ಸಲ ಬತ್ತೀನಿ ಅಂದೆ.

ಮಹೇಶ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದ. ಅವನಿಗೀಗ ಮದುವೆಯಾಗಿ ಪುಟ್ಟ ಮಗಳಿದ್ದಾಳೆ. ಅಂಗಡಿ ನೆರಳಿನಲ್ಲಿ ನಿಂತಾಗ ಕೇಳಿದ. “ಮೇಡಂ, ಅಪ್ಪನಿಂದ ನನಗೂ ಬಂದಿದ್ರೆ? ಟೆಸ್ಟ್ ಮಾಡಿಸ್ಕೊಂಬಿಡ್ಲಾ?”

“ಮಾಡಿಸ್ಕೋಬೇಕು ಅನ್ನಿಸಿದ್ರೆ ಮೊದಲು ಡಾಕ್ಟ್ರ ಹತ್ರ ಕೂತು ಮಾತಾಡಪ್ಪ. ಬಂದಿರಬಹುದು, ಬಂದಿಲ್ಲದೇನೂ ಇರಬಹುದು. ನನ್ನ ಕತೆಯೂ ಅಷ್ಟೇ.”

“ನಿಮಗೆ ಭಯ ಆಗಲ್ವಾ?”

“ಆಗ್ತದೆ. ಅಡುಗೆಮನೆಗೆ ಯಾಕೆ ಬಂದೆ ಅಂತ ಮರೆತು ನಿಂತಾಗೆಲ್ಲ ಎದೆ ಧಸಕ್ಕನ್ನುತ್ತೆ.” ಇದನ್ನು ನಮ್ಮವರಿಗೂ, ಪೂರ್ಣಿಗೂ ಎಂದೂ ಹೇಳಿರಲಿಲ್ಲ. ಈ ಹುಡುಗನ ಮುಂದೆ ಅದು ತಾನಾಗಿ ಬಂತು, ಬಂದ ಮೇಲೆ ಎದೆ ಹಗುರಾಯಿತು.

“ನಂಗೂ ಹಾಗೇ ಮೇಡಂ. ಮೊನ್ನೆ ಬೈಕಿನ ಕೀ ಸಿಗದೆ ಬೆವೆತುಹೋದೆ” ಅಂದ ಅವನು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಬಸ್ಸು ಬಂತು. ನನ್ನ ಚೀಲ ಎತ್ತಿಕೊಟ್ಟು, ಕಿಟಕಿಯ ಹತ್ತಿರ ಬಂದು, “ಮುಂದಿನ ವಾರ ಬನ್ನಿ ಮೇಡಂ, ಮರೀಬೇಡಿ” ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ನಾನು ಮೊದಲು ನಕ್ಕೆ, ಆಮೇಲೆ ಅವನೂ ನಕ್ಕ. ಬಸ್ಸು ಹೊರಟ ಮೇಲೂ ನನಗೆ ನಗು ನಿಲ್ಲಲಿಲ್ಲ. ಕಂಡಕ್ಟರು ಬಂದು ಎಲ್ಲಿಗೆ ಅಂತ ಕೇಳಿದಾಗ ತಿಪಟೂರು ಅಂತ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ.